ಮಳೆ ಬಂದರೂ ಕೆರೆ ತುಂಬದಿದ್ದರೆ

ಮಳೆಗಾಲ ಮುಗಿಯುತ್ತಿದ್ದಂತೆ ಪ್ರತಿ ವರ್ಷ ಇದೇ ಪ್ರಶ್ನೆಗಳು ಬರುತ್ತವೆ. ಈ ಸಲ ಒಂದಕ್ಕೆ ಉದ್ದದ ಉತ್ತರ ಬರೆದಿದ್ದೇನೆ. ಉಳಿದವಕ್ಕೆ ಅಷ್ಟು ತಾಳ್ಮೆ ನನ್ನಲ್ಲಿಲ್ಲ.

ಪ್ರಶ್ನೆ: ನಮ್ಮದು ಚಿಂತಾಮಣಿ ತಾಲ್ಲೂಕು. ಮಳೆ ಮೊದಲಿನಷ್ಟೇ ಬರುತ್ತಿದೆ, ಆದರೂ ಕೆರೆ ಕೋಡಿ ಹರಿದು ಎಷ್ಟೋ ವರ್ಷಗಳಾದವು. ಕೆರೆ ನೀರು ಹಾಯುವ ಅಚ್ಚುಕಟ್ಟಿನಲ್ಲಿ ಭತ್ತ ನಿಂತೇಹೋಗಿದೆ. ಹೂಳೆತ್ತಿಸಿದರೆ ಸರಿಹೋಗುತ್ತದೆಯೇ?

ಉತ್ತರ: ಹೋಗುವುದಿಲ್ಲ. ಬೆಳೆಯೇ ಬಾರದ ಮನೆಯಲ್ಲಿ ಕಣಜ ದೊಡ್ಡದು ಮಾಡಿಸಿ ಏನು ಪ್ರಯೋಜನ? ಎತ್ತಿದ ಗೋಡು ಮಣ್ಣು ಹೊಲಕ್ಕೆ ಒಳ್ಳೆಯದು, ಟಿಪ್ಪರ್ ಮಾಲೀಕರಿಗೆ ಇನ್ನೂ ಒಳ್ಳೆಯದು. ಏರಿಯ ಮೇಲೆ ನಿಂತು ಕೆರೆಯಂಗಳ ನೋಡಿದ್ದು ಸಾಕು, ಅದರಾಚೆ, ನೀರು ಹರಿದು ಬರುವ ಮೇಲ್ಭಾಗದ ಜಮೀನುಗಳನ್ನು ನೋಡಿ.

ಕೆರೆಗೆ ನೀರು ಹರಿದು ಬರುವ ಆ ಪ್ರದೇಶವೇ ಜಲಾನಯನ. 10 ಚದರ ಕಿಲೋಮೀಟರ್ ಜಲಾನಯನದ ಮೇಲೆ 700 ಮಿ.ಮೀ. ಮಳೆ ಬಿದ್ದರೆ ಒಟ್ಟು 70 ಲಕ್ಷ ಘನ ಮೀಟರ್ ನೀರು. ಅದರಲ್ಲಿ ನೂರಕ್ಕೆ ಹತ್ತು ಪಾಲು ಕೆರೆಗೆ ಹರಿದರೆ 7 ಲಕ್ಷ. ಭತ್ತಕ್ಕೆ ಹೆಕ್ಟೇರಿಗೆ ಸುಮಾರು 12,000 ಘನ ಮೀಟರ್ ಎಂದು ಹಿಡಿಯಿರಿ. ಆವಿ, ಸೋರಿಕೆ ಲೆಕ್ಕಿಸದಿದ್ದರೆ 58 ಹೆಕ್ಟೇರಿಗೆ ಸಾಕು. ಹತ್ತು ಪಾಲು ನಾಲ್ಕಕ್ಕೆ ಇಳಿದರೆ ಅಚ್ಚುಕಟ್ಟು 23 ಹೆಕ್ಟೇರಿಗೆ ಕುಗ್ಗುತ್ತದೆ. ಮಳೆಮಾಪಕದಲ್ಲಿ ಇದು ಕಾಣುವುದಿಲ್ಲ.

ಆ ಆರು ಪಾಲು ಎಲ್ಲಿ ಹೋಯಿತು? ಮೊದಲು ನೀಲಗಿರಿ ತೋಪುಗಳಿಗೆ. 1990ರ ದಶಕದಲ್ಲಿ ಹೊಸಕೋಟೆಯ ಬಳಿ ಅಳತೆ ಮಾಡಿದಾಗ, ಆ ಮರಗಳು ಬಿದ್ದ ಮಳೆಗಿಂತ ಹೆಚ್ಚು ನೀರು ಬಳಸಿದ್ದು ಕಂಡುಬಂತು. ಬೇರು ಆಳದ ಮಣ್ಣಿನ ತೇವವನ್ನೂ ಹೀರಿತ್ತು. ಹಾಗೆ ಒಣಗಿದ ಮಣ್ಣು ಮುಂದಿನ ಮಳೆಯನ್ನು ತಾನೇ ಕುಡಿಯುತ್ತದೆ. ಎರಡನೆಯದು ಕೊಳವೆಬಾವಿ. ಅಂತರ್ಜಲ ಮೇಲಿದ್ದಾಗ ಹಳ್ಳಗಳು ಮಳೆ ನಿಂತ ಮೇಲೂ ಒಸರುತ್ತಿದ್ದವು, ನೀರು ತಾನಾಗಿ ಒಸರುವ ತಲಪರಿಗೆಗಳಲ್ಲಿ ನೀರಿತ್ತು. ಈಗ ನೀರು ನೂರಾರು ಅಡಿ ಕೆಳಗಿದೆ, ಹಳ್ಳದ ಮರಳೇ ಮೊದಲ ಮಳೆಗಳನ್ನು ನುಂಗುತ್ತದೆ. ಜೊತೆಗೆ ಬದು, ಚೆಕ್ ಡ್ಯಾಂ, ಕೃಷಿ ಹೊಂಡ. ಒಂದೊಂದೂ ಒಳ್ಳೆಯದೇ, ಆದರೆ ಸಾಲುಸಾಲಾಗಿ ಬಂದರೆ ಕೆಳಗಿನ ಕೆರೆಗೆ ಬರುವುದು ಅಳಿದುಳಿದದ್ದು. ಮೇಲೆ ಹೊಂಡಕ್ಕೆ ಸಹಾಯಧನ ಕೊಡುವ ಸರ್ಕಾರವೇ ಕೆಳಗೆ ಕೆರೆಯ ಹೂಳೆತ್ತಲೂ ಹಣ ಕೊಡುತ್ತದೆ. ಎರಡು ಕಡತಗಳು ಒಂದೇ ಮೇಜಿಗೆ ಬಂದದ್ದನ್ನು ನಾನು ಕಂಡಿಲ್ಲ.

ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು. ಆದರೆ ನೆಟ್ಟದ್ದನ್ನು ಕಡಿದರೆ ಮತ್ತೆ ಚಿಗುರುತ್ತದೆ, ಬೊಡ್ಡೆಯನ್ನೇ ಕೀಳಬೇಕು. ಕಿತ್ತ ಜಾಗದಲ್ಲಿ ಕೊಳವೆಬಾವಿ ಕೊರೆದು ಟೊಮೆಟೊ ಹಾಕುವುದಾದರೆ ಕೀಳುವ ಶ್ರಮವೇ ಬೇಡ. ಕಿತ್ತ ವರ್ಷವೇ ಕೋಡಿ ಹರಿಯುತ್ತದೆಂದೂ ಕಾಯಬೇಡಿ, ಮೊದಲು ಮಣ್ಣಿನ ಬಾಯಾರಿಕೆ ತೀರಬೇಕು.

ಹೂಳೆತ್ತಲು ಅರ್ಜಿ ಬರೆಯುವ ಮೊದಲು ಗ್ರಾಮ ನಕ್ಷೆ ಹಿಡಿದು, ಜೋರು ಮಳೆ ಬಿದ್ದ ಮರುದಿನ ಕೆರೆಗೆ ನೀರು ತರುವ ರಾಜಕಾಲುವೆಯ ಉದ್ದಕ್ಕೂ ನಡೆಯಿರಿ. ನೀರು ಎಲ್ಲಿ ನಿಂತಿದೆ, ಯಾರ ಹೊಲಕ್ಕೆ ತಿರುಗಿದೆ ಎಂದು ಬರೆದುಕೊಳ್ಳಿ. ಮೇಲಿನ ಊರಿನವರನ್ನು ಕಳ್ಳರೆನ್ನಬೇಡಿ, ತಮ್ಮ ಹೊಲದಲ್ಲಿ ಬಿದ್ದ ಮಳೆಯಲ್ಲಿ ಅವರಿಗೂ ಪಾಲಿದೆ. ಹೊಂಡಗಳು ಎಷ್ಟಿರಬೇಕೆಂದು ಅವರೊಂದಿಗೆ ಕುಳಿತೇ ತೀರ್ಮಾನಿಸಬೇಕು.

ಪ್ರಶ್ನೆ: ಅಂಗೈಯಲ್ಲಿ ತೆಂಗಿನಕಾಯಿ ಇಟ್ಟು ನೀರಿನ ಸೆಲೆ ಹೇಳುವವರನ್ನು ನಂಬಬಹುದೇ?

ಉತ್ತರ: ಆ ಕಾಯಿಯಿಂದ ಚಟ್ನಿ ಮಾಡಿ.

ಪ್ರಶ್ನೆ: ಕೆರೆಯ ಸುತ್ತ ಸಾವಿರ ಗಿಡ ನೆಟ್ಟರೆ ಊರಿಗೆ ಮಳೆ ಹೆಚ್ಚುತ್ತದೆಯೇ?

ಉತ್ತರ: ಇಲ್ಲ. ನೆರಳಿಗೆ, ಹಣ್ಣಿಗೆ ನೆಡಿ.

ಪ್ರಶ್ನೆ: ಮೇಲ್ಭಾಗದಲ್ಲಿ ಬಡಾವಣೆ ಬಂದ ಮೇಲೆ ನಮ್ಮ ಕೆರೆ ಬೇಗ ತುಂಬುತ್ತಿದೆ. ಇದು ಲಾಭವಲ್ಲವೇ?

ಉತ್ತರ: ಕಾಂಕ್ರೀಟ್ ಮೇಲೆ ಬಿದ್ದ ಮಳೆ ಇಂಗದೆ ಓಡಿ ಬರುತ್ತದೆ, ನಿಜ. ಒಳಚರಂಡಿ ಸರಿಯಿಲ್ಲದಿದ್ದರೆ ಅದರ ಜೊತೆ ಬಚ್ಚಲು, ಶೌಚಾಲಯದ ನೀರೂ ಬರುತ್ತದೆ. ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸದೆ ಸೊಪ್ಪು, ತರಕಾರಿಗೆ ಹಾಯಿಸಬೇಡಿ. ನಾನಾದರೆ ಆ ನೀರಿನಲ್ಲಿ ಕೊತ್ತಂಬರಿಯನ್ನು ಬೆಳೆಯುವುದೂ ಇಲ್ಲ, ತಿನ್ನುವುದೂ ಇಲ್ಲ.