‘ಏಯ್ ಬಾಟ್ಲಿ’ ಅಂತ ಕೂಗಿದ್ದೆ, ಮರುದಿನ ಪಕ್ಕದಲ್ಲೇ ಕೂತಿದ್ದರು

ಪ್ರಶ್ನೆ: ದಾರಿಯಲ್ಲೋ ಹೋಟೆಲಲ್ಲೋ ಕ್ರೀಡಾಪಟು ಯಾರಾದರೂ ನಿಮಗೆ ಅಚಾನಕ್ಕಾಗಿ ಸಿಕ್ಕಿದ್ದಾರೆಯೇ? ಏನು ಮಾತಾಡಿದಿರಿ?

ಸಿಕ್ಕಿದ್ದಾರೆ. ಆದರೆ ಹೆಸರು ಕೇಳಿದ ಕೂಡಲೇ ‘ಹೌದಾ!’ ಅಂತ ನೀವು ಎದ್ದು ಕೂರುವಂಥವರಲ್ಲ. ಈಗ ಆಟ ಬಿಟ್ಟು ಬೇರೆ ಕೆಲಸದಲ್ಲಿದ್ದಾರೆ, ಹಾಗಾಗಿ ಹೆಸರು ಬರೆಯುವುದಿಲ್ಲ.

2010ರ ಜನವರಿ. ನಾನಾಗ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಮಾಡುತ್ತಿದ್ದೆ. ಆ ಸಲದ ರಣಜಿ ಕ್ರಿಕೆಟ್ ಫೈನಲ್, ಕರ್ನಾಟಕಕ್ಕೂ ಮುಂಬೈಗೂ, ನಮ್ಮ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲೇ ಬಿತ್ತು. 1998-99ರ ನಂತರ ನಮಗೆ ರಣಜಿ ಕಪ್ ಬಂದಿರಲಿಲ್ಲ. ಅದೂ ಮನೆ ಬಾಗಿಲಿಗೆ ಫೈನಲ್ ಬಂದಾಗ ಕ್ಲಾಸಿಗೆ ಹೋಗುವವರು ಯಾರು? ನಮ್ಮ ಮೇಷ್ಟ್ರೊಬ್ಬರೇ ಎರಡನೇ ದಿನ ಮಧ್ಯಾಹ್ನ ಟೋಪಿ ಹಾಕಿಕೊಂಡು ಬೌಂಡರಿ ಪಕ್ಕ ಕೂತಿದ್ದರು. ನಾವು ಅವರನ್ನು ನೋಡಲಿಲ್ಲ, ಅವರು ನಮ್ಮನ್ನು ನೋಡಲಿಲ್ಲ.

ನಾಲ್ಕನೇ ದಿನ, 14ನೇ ತಾರೀಕು, ಸಂಕ್ರಾಂತಿ. ಹಬ್ಬಕ್ಕೆ ಊರಿಗೆ ಬಾರದ್ದಕ್ಕೆ ಅಮ್ಮ ಫೋನಲ್ಲಿ ಎರಡು ದಿನ ಮುಂಚೆಯೇ ಮಂಗಳಾರತಿ ಎತ್ತಿದ್ದಳು. ಮೈದಾನದ ಸುತ್ತ ಕಾಲಿಡಲು ಜಾಗವಿಲ್ಲ, ಮರದ ಮೇಲೂ ಜನ. ಯಾರೋ ಪುಣ್ಯಾತ್ಮರು ತಂದ ಎಳ್ಳುಬೆಲ್ಲದ ಪೊಟ್ಟಣ ಸಾಲಿನುದ್ದಕ್ಕೂ ಕೈಯಿಂದ ಕೈಗೆ ಹೋಗುತ್ತಿತ್ತು. ಗೆಲ್ಲಲು 338 ಬೇಕು. ಇಪ್ಪತ್ತರ ಹುಡುಗ ಮನೀಶ್ ಪಾಂಡೆ 144 ಹೊಡೆದ, ಗಣೇಶ್ ಸತೀಶ್ 75. ಇಬ್ಬರೇ ಸೇರಿ 209 ರನ್ ಕೂಡಿಸಿದಾಗ ಕಪ್ ನಮ್ಮದೇ ಅಂತ ಪಟಾಕಿಗೆ ದುಡ್ಡು ಎತ್ತಿದ್ದೂ ಆಗಿತ್ತು. ಆಮೇಲೆ ವಿಕೆಟ್‌ಗಳು ಒಂದರ ಹಿಂದೊಂದು ಉರುಳಿದವು. 331ಕ್ಕೆ ಎಲ್ಲಾ ಔಟ್. ಆರೇ ಆರು ರನ್ನಿಂದ ಸೋತೆವು. ಇನ್ನೊಂದು ಸಿಕ್ಸರ್ ಬಿದ್ದಿದ್ದರೂ ಗೆಲ್ಲುತ್ತಿರಲಿಲ್ಲ, ಸಮ ಆಗುತ್ತಿತ್ತು ಅಷ್ಟೇ ಅನ್ನುವ ಲೆಕ್ಕವನ್ನು ಅವತ್ತು ರಾತ್ರಿ ಹಾಸ್ಟೆಲಲ್ಲಿ ಎಷ್ಟು ಸಲ ಹಾಕಿದೆವೋ.

ಈಗ ವಿಷಯಕ್ಕೆ ಬರುತ್ತೇನೆ. ನಾವು ಕೂತ ಕಡೆ ಬೌಂಡರಿ ಹಗ್ಗದ ಅಂಚಲ್ಲಿ ತಂಡದ ಒಬ್ಬರು ಓಡಾಡಿಕೊಂಡಿದ್ದರು. ಆಡುವ ಹನ್ನೊಂದರಲ್ಲಿ ಇಲ್ಲ. ಬಿಳಿ ಬಟ್ಟೆಯ ಮೇಲೊಂದು ಬಣ್ಣದ ಅಂಗಿ, ಎರಡೂ ಕೈಯಲ್ಲಿ ನೀರಿನ ಬಾಟ್ಲಿ. ಬೆಳಗ್ಗೆಯಿಂದಲೇ ನಮ್ಮ ಗುಂಪು ಅವರಿಗೆ ‘ಬಾಟ್ಲಿ’ ಅಂತ ಹೆಸರಿಟ್ಟಿತ್ತು. ವಿಕೆಟ್ ಉದುರಲು ಶುರುವಾದಾಗ ನನಗೆ ತಡೆಯಲಾಗಲಿಲ್ಲ. ಊರ ಜಾತ್ರೆಯಲ್ಲಿ ಮೈಕಿಲ್ಲದೆ ಹರಾಜು ಕೂಗಿದ ಗಂಟಲು ನನ್ನದು. ‘ಏಯ್ ಬಾಟ್ಲಿ, ನೀನಾದ್ರೂ ಹೋಗಿ ಆಡೋ!’ ಅಂದೆ. ಸುತ್ತಮುತ್ತ ನೂರು ಜನ ನಕ್ಕರು. ಅವರು ತಿರುಗಿ ನೋಡಲಿಲ್ಲ.

ಮರುದಿನ, 15ನೇ ತಾರೀಕು, ಸೂರ್ಯಗ್ರಹಣ. ಹನ್ನೊಂದು ಚಿಲ್ಲರೆಗೆ ಹಿಡಿದದ್ದು ಬಿಡುವಷ್ಟರಲ್ಲಿ ಮೂರು ದಾಟುತ್ತದೆ ಅಂತ ಪಂಚಾಂಗ, ಟೀವಿ ಎರಡೂ ಹೇಳಿದ್ದವು. ಮೆಸ್ ಬಂದ್. ರಾತ್ರಿ ಸೋತ ಸಿಟ್ಟಿಗೆ ಉಂಡಿರಲಿಲ್ಲ, ಬೆಳಗ್ಗೆ ಎದ್ದದ್ದೇ ಹತ್ತೂವರೆಗೆ. ಸರಸ್ವತಿಪುರಂ ಕಡೆ ನಡೆದೆ. ದರ್ಶಿನಿ ಮುಚ್ಚಿತ್ತು, ಅಯ್ಯಂಗಾರ್ ಬೇಕರಿ ಮುಚ್ಚಿತ್ತು, ರಸ್ತೆಯಲ್ಲಿ ನಾಯಿಗಳೂ ಕಮ್ಮಿ. ಒಂದು ಗಲ್ಲಿಯ ತುದಿಯಲ್ಲಿ ಕಾಕಾ ಟೀ ಅಂಗಡಿ ಮಾತ್ರ ಅರ್ಧ ಷಟರ್ ಎಳೆದುಕೊಂಡು ನಡೆಯುತ್ತಿತ್ತು. ಬಗ್ಗಿ ಒಳಗೆ ಹೋದೆ. ಬೆಂಚಿನ ಮೇಲೆ ಒಬ್ಬರೇ ಒಬ್ಬರು ಗಿರಾಕಿ, ಕಾಲ ಬುಡದಲ್ಲಿ ಉದ್ದದ ಕಿಟ್ ಬ್ಯಾಗು.

ನಾನು ಗುರುತು ಹಿಡಿಯಲಿಲ್ಲ, ದೇವರಾಣೆ. ‘ಕಾಕಾ, ಒಂದು ಟೀ, ಎರಡು ಬನ್’ ಅಂದೆ, ಅಷ್ಟೇ. ಅವರು ಲೋಟ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು.

‘ನಿನ್ನೆ ಕೂಗಿದ್ದು ನೀವೇ ಅಲ್ವಾ?’

ಸೆಲೆಬ್ರಿಟಿ ಸಿಕ್ಕರೆ ಏನು ಮಾತಾಡಬೇಕು ಅಂತ ಜನ ತಲೆ ಕೆಡಿಸಿಕೊಳ್ಳುತ್ತಾರೆ. ಅವರೇ ನಮ್ಮ ಗುರುತು ಹಿಡಿದರೆ ಏನು ಮಾತಾಡಬೇಕು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ‘ಯಾರು? ನಾನಾ? ಇಲ್ಲ ಸಾರ್’ ಅಂದೆ. ಆ ‘ಸಾರ್’ ಕೇಳಿಯೇ ಅವರಿಗೆ ನಗು ಬಂತು. ನನಗಿಂತ ಒಂದೆರಡು ವರ್ಷಕ್ಕೆ ಚಿಕ್ಕವರೇ ಇರಬೇಕು. ‘ಗಂಟಲು ಕೂತಿದೆ, ಆದ್ರೂ ಗೊತ್ತಾಗತ್ತೆ’ ಅಂದರು. ಆಮೇಲೆ ತಪ್ಪಾಯ್ತು ಅಂದೆ. ‘ಪರವಾಗಿಲ್ಲ, ಅಮ್ಮನೂ ಫೋನ್ ಮಾಡಿ ಅದನ್ನೇ ಕೇಳಿದ್ರು, ನೀನ್ಯಾಕೆ ಆಡ್ಲಿಲ್ಲ ಅಂತ.’

ತಂಡದ ಬಸ್ಸಲ್ಲಿ ಹೋಗದೆ ಚಿಕ್ಕಮ್ಮನ ಮನೆಯಲ್ಲಿ ಉಳಿದಿದ್ದರಂತೆ. ಅಲ್ಲಿ ಗ್ರಹಣ ಬಿಟ್ಟು ಸ್ನಾನ ಆಗುವ ತನಕ ಒಲೆ ಹಚ್ಚುವಂತಿಲ್ಲ. ಹಸಿವು ತಡೆಯದೆ, ಪ್ರಾಕ್ಟೀಸ್ ಮುಗಿಸಿ ನೇರ ಮನೆಗೆ ಹೋಗದೆ ಇಲ್ಲಿಗೆ ಬಂದಿದ್ದರು.

‘ಪ್ರಾಕ್ಟೀಸಾ? ಇವತ್ತಾ?’

ಬ್ಯಾಗಿನ ಮೇಲೆ ಒಂದು ಜೊತೆ ಗ್ಲೌಸು ಒಣಗಲು ಹಾಕಿದ್ದರು. ಒಂದನ್ನು ತೆಗೆದು ನನ್ನ ಕೈಗೆ ಕೊಟ್ಟರು. ನಾನು ಅಲ್ಲಿಯವರೆಗೆ ಮುಟ್ಟಿದ್ದು ಕಾಲೇಜು ಕಿಟ್ಟಿನ ಹರಕಲು ಗ್ಲೌಸು ಮಾತ್ರ. ಇದರ ಅಂಗೈ ಚರ್ಮ ಬೆವರು ಕುಡಿದು ಕುಡಿದು ಹಪ್ಪಳದ ಹಾಗೆ ಸೆಟೆದಿತ್ತು. ಒಳಗೆ ಬೆರಳು ತೂರಿಸಿದರೆ ಇನ್ನೂ ತೇವ, ಇನ್ನೂ ಬಿಸಿ. ‘ಅವರೆಲ್ಲ ನಾಲ್ಕು ದಿನ ಆಡಿದ್ರು, ಸುಸ್ತಾಗಿದ್ದಾರೆ. ನಾನು ಆಡೇ ಇಲ್ವಲ್ಲ’ ಅಂದರು. ಯಾರೋ ಪರಿಚಯದ ಹುಡುಗರನ್ನು ಬೆಳಗ್ಗೆ ಏಳಕ್ಕೇ ಎಬ್ಬಿಸಿ ಬಾಲ್ ಹಾಕಿಸಿಕೊಂಡಿದ್ದರು.

ನೀರು ಹೊರುವುದೊಂದೇ ಕೆಲಸ ಅಂದುಕೊಂಡಿದ್ದೆ. ಬ್ಯಾಟ್ಸ್‌ಮನ್‌ಗೆ ಗಂಟೆಗೊಮ್ಮೆ ಗ್ಲೌಸು ಒದ್ದೆಯಾಗುತ್ತದೆ, ಒಣಗಿದ್ದು ಒಂದು ಜೊತೆ ಯಾವಾಗಲೂ ತಯಾರಿರಬೇಕು, ಬಿಸಿಲು ಸರಿದ ಹಾಗೆ ಅದನ್ನು ಸರಿಸುತ್ತಿರಬೇಕು ಅಂದರು. ಒಳಗಿಂದ ಹೇಳಿ ಕಳಿಸಿದ್ದನ್ನು ಕ್ರೀಸಿಗೆ ಹೋಗಿ ಎರಡೇ ಮಾತಲ್ಲಿ ಹೇಳಿ ಓಡಿ ಬರಬೇಕು, ಅಂಪೈರು ಬೈಯುವ ಮೊದಲು. ನಿನ್ನೆ ಏನು ಹೇಳಿ ಕಳಿಸಿದ್ದರು ಅಂತ ಕೇಳಿದೆ. ಬನ್ನು ಮುರಿದು ಟೀಯಲ್ಲಿ ಅದ್ದಿದರು. ನಾನೂ ಮತ್ತೆ ಕೇಳಲಿಲ್ಲ.

ಫೋಟೋ ತೆಗೆಸಿಕೊಂಡಿರಾ ಅಂತ ಕೇಳುತ್ತೀರಿ. ನನ್ನ ಹತ್ತಿರ ಇದ್ದದ್ದು ಕ್ಯಾಮೆರಾ ಇಲ್ಲದ ನೋಕಿಯಾ, ಟಾರ್ಚ್ ಇರುವುದು. ಇದ್ದಿದ್ದರೆ ಖಂಡಿತ ತೆಗೆದು ಆ ಅರ್ಧ ಗಂಟೆಯನ್ನು ಹಾಳು ಮಾಡುತ್ತಿದ್ದೆ. ಈಗ ಏರ್‌ಪೋರ್ಟಲ್ಲಿ ಆಟಗಾರರ ಹೆಗಲಿಗೆ ಕೈ ಹಾಕಿ ಹಲ್ಲು ಕಿರಿಯುವವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ. ಅಭಿಮಾನಿ ಅಂದರೆ ಚೆನ್ನೈನ ಆ ಹೋಟೆಲ್ ಸಿಬ್ಬಂದಿ. ತೆಂಡೂಲ್ಕರ್ ಸಿಕ್ಕಾಗ, ಸಾರ್ ನೀವು ಮೊಣಕೈಗೆ ಗಾರ್ಡ್ ಕಟ್ಟಿದಾಗ ಬ್ಯಾಟ್ ಬೀಸುವ ರೀತಿ ಬದಲಾಗುತ್ತದೆ ಅಂದರಂತೆ. ತೆಂಡೂಲ್ಕರ್ ಅದನ್ನು ಕೇಳಿ ಗಾರ್ಡಿನ ವಿನ್ಯಾಸವನ್ನೇ ಬದಲಾಯಿಸಿಕೊಂಡರು. 2019ರ ಡಿಸೆಂಬರಲ್ಲಿ ಅವರನ್ನು ಹುಡುಕಿಕೊಡಿ ಅಂತ ಟ್ವಿಟ್ಟರಲ್ಲಿ ಕೇಳಿದರು, ಸಿಕ್ಕಿದರು ಕೂಡ. ನನ್ನ ಕಾಣಿಕೆ ‘ಏಯ್ ಬಾಟ್ಲಿ’. ಹೋಲಿಕೆ ಬೇಡ ಬಿಡಿ.

ಒಂದು ಗಂಟೆ ದಾಟಿರಬೇಕು, ಬಿಸಿಲಿದ್ದೂ ಬೆಳಕು ಸಾಯಂಕಾಲದಷ್ಟು ಮಂಕಾಯಿತು. ಕಾಕಾ ಷಟರ್ ಇನ್ನೊಂಚೂರು ಎತ್ತಿ ‘ಮೇಲೆ ನೋಡಬೇಡಿ, ಕೆಳಗೆ ನೋಡಿ’ ಅಂದರು. ಅಂಗಡಿ ಎದುರಿನ ಹೊಂಗೆ ಮರದ ನೆರಳಲ್ಲಿ, ಎಲೆಗಳ ಸಂದಿಯಿಂದ ಬಿದ್ದ ಬಿಸಿಲಿನ ಚುಕ್ಕೆಗಳಿಗೆಲ್ಲ ಕುಡುಗೋಲಿನ ಆಕಾರ. ನೆಲದ ತುಂಬ ಸಾವಿರ ಪುಟ್ಟ ಕುಡುಗೋಲು. ಅವರು ಗ್ಲೌಸನ್ನು ನೆಲದ ಮೇಲಿಟ್ಟು ಅದರ ಬಿಳಿ ಮೈ ಮೇಲೂ ಒಂದೆರಡು ಬೀಳಿಸಿ ನೋಡಿದರು. ಚಿಕ್ಕಮ್ಮನಿಗೆ ಹೇಳಬೇಡಿ ಅಂತ ಕಾಕಾನಿಗೆ ಹೇಳಿ, ದುಡ್ಡು ಕೊಡಲು ಹೋದ ನನ್ನ ಕೈ ತಳ್ಳಿ ಅವರೇ ಕೊಟ್ಟರು.

ಹೊರಡುವಾಗ ಕಿಟ್ ಹೆಗಲಿಗೇರಿಸಿ ಹೆಸರು ಹೇಳಿದರು. ಅಲ್ಲಿಯವರೆಗೆ ನಾನು ಕೇಳಿಯೇ ಇರಲಿಲ್ಲ! ‘ಇನ್ನೊಂದ್ಸಲ ಕೂಗೋದಾದ್ರೆ ಹೆಸರು ಹಿಡಿದು ಕೂಗಿ.’

ಆಮೇಲೆ ನಾಲ್ಕೈದು ಚಳಿಗಾಲ ಪೇಪರಿನ ಸ್ಕೋರುಪಟ್ಟಿಯಲ್ಲಿ ಆ ಹೆಸರು ಹುಡುಕುವುದು ಅಭ್ಯಾಸವಾಯಿತು. 2013-14ರಲ್ಲಿ ಕಪ್ ಬಂತು, ಮರುವರ್ಷವೂ ಬಂತು. ಅವರ ಹೆಸರು ಇರಲಿಲ್ಲ. ಆಮೇಲೊಂದು ದಿನ ಬೆಂಗಳೂರಲ್ಲಿ ಏನೋ ಕೆಲಸಕ್ಕೆ ಹೋದವನು, ದಾರಿಯಲ್ಲಿ ಲೀಗ್ ಪಂದ್ಯ ನಡೆಯುತ್ತಿದ್ದದ್ದು ಕಂಡು ಬೇಲಿ ಪಕ್ಕ ನಿಂತೆ. ನೋಡಲು ಇದ್ದದ್ದು ನಾನು, ಇಬ್ಬರು ಮುದುಕರು, ಒಬ್ಬ ಎಳನೀರಿನವನು. ಬೌಂಡರಿಯಲ್ಲಿ ಬೆನ್ನು ಹಾಕಿ ನಿಂತವರ ನಿಲುವು ಎಲ್ಲೋ ನೋಡಿದ ಹಾಗಿತ್ತು. ಹೆಸರು ಹಿಡಿದು ಕೂಗಿದೆ, ಅದೇ ಗಂಟಲಲ್ಲಿ.

ಬೌಲರ್ ಓಡಿ ಬರುತ್ತಿದ್ದ, ಹಾಗಾಗಿ ತಿರುಗಲಿಲ್ಲ. ಬೆನ್ನ ಹಿಂದೆ ಕೈ ತಂದು ಬಾಟ್ಲಿ ಎತ್ತಿ ಕುಡಿಯುವ ಹಾಗೆ ಹೆಬ್ಬೆರಳು ಅಲ್ಲಾಡಿಸಿದರು.