ಎಂಪಿ ನಮ್ಮೂರಿನ ರಸ್ತೆ, ಚರಂಡಿ ಮಾಡಿಸದಿದ್ದರೆ ಪಾರ್ಲಿಮೆಂಟ್ ಇದ್ದು ಏನು ಪ್ರಯೋಜನ?

ಚರಂಡಿ ಪಂಚಾಯಿತಿ ಕೆಲಸ, ಎಂಪಿಯದಲ್ಲ. ನಿಮ್ಮ ಪ್ರಶ್ನೆ ಶುರುವಾಗಿರುವ ಜಾಗವೇ ಸರಿಯಿಲ್ಲ. ಸಕಲೇಶಪುರ ಕಡೆಯ ಕಾಫಿ ಬೆಳೆಗಾರರಾದ ನಾವೂ ಹೀಗೇ ಅಂದುಕೊಂಡಿದ್ದೆವು.

ನಮಗೆ ಆನೆ ಕಾಟ. ರಾತ್ರಿ ಹಿಂಡು ಬಂದು ಹೋದರೆ ಬೆಳಿಗ್ಗೆ ಬೈನೆ ಮರ ಸೀಳಿರುತ್ತದೆ, ಕಾಯಿ ತುಂಬಿದ ಕಾಫಿ ಗಿಡ ಬುಡಕ್ಕೇ ಮುರಿದಿರುತ್ತದೆ. ಊರವರೆಲ್ಲ ಸೇರಿ ಎಂಪಿಗೆ ಮನವಿ ಕೊಟ್ಟೆವು. ಬರೆದವನು ನಾನು. "ಬೆಳೆ ಪರಿಹಾರ ಜಾಸ್ತಿ ಮಾಡಿಸಿ, ಲೋಕಸಭೆಯಲ್ಲಿ ಕೇಳಿ" ಎಂದು ಬರೆದೆ. ಎಡವಿದ್ದು ಅಲ್ಲೇ. ಆ ಪರಿಹಾರ ಕೊಡುವುದು ರಾಜ್ಯ ಸರ್ಕಾರ. ರಾಜ್ಯದ ಹೊಣೆಯ ವಿಷಯವನ್ನು ಲೋಕಸಭೆಯಲ್ಲಿ ಪ್ರಶ್ನೆಯಾಗಿ ತೆಗೆದುಕೊಳ್ಳುವುದಿಲ್ಲ. ಅದನ್ನು ನಮ್ಮ ಶಾಸಕರಿಂದ ವಿಧಾನಸಭೆಯಲ್ಲಿ ಕೇಳಿಸಬೇಕಿತ್ತು. ದಿಲ್ಲಿಯಲ್ಲಿ ಕೇಳಬೇಕಿದ್ದದ್ದೇ ಬೇರೆ. 1992ರಿಂದ ಕೇಂದ್ರದ ಆನೆ ಯೋಜನೆ ಇದೆ. ಅದರಲ್ಲಿ ಕರ್ನಾಟಕಕ್ಕೆ ಎಷ್ಟು ಕೊಟ್ಟಿರಿ, ಯಾವುದಕ್ಕೆ ಖರ್ಚಾಯಿತು? ಹೀಗೆ ಕೇಳಿದರೆ ಮಂತ್ರಿ ನುಣುಚಿಕೊಳ್ಳುವುದು ಕಷ್ಟ. ಜೊತೆಗೆ ಪ್ರಶ್ನೆಗೆ 15 ದಿನ ಮುಂಚೆ ನೋಟಿಸ್ ಕೊಡಬೇಕು. ನಾವು ಹೋದಾಗ ಅಧಿವೇಶನ ಮುಗಿಯುತ್ತಾ ಬಂದಿತ್ತು. ಹೀಗಾಗಿ ಒಂದು ಫಸಲು ಸುಮ್ನೆ ಕೈಬಿಟ್ಟು ಹೋಯಿತು.

ಆಮೇಲೆ ತಿದ್ದಿ ಬರೆದುಕೊಟ್ಟೆವು. ಚುಕ್ಕೆ ಗುರುತಿಲ್ಲದ ಪ್ರಶ್ನೆಯಾಗಿ ಹೋಯಿತು. ಅಂಥದ್ದಕ್ಕೆ ಸದನದಲ್ಲಿ ಮಾತಿಲ್ಲ, ಲಿಖಿತ ಉತ್ತರ ಅಷ್ಟೇ. ಆದರೆ ಆ ಹಾಳೆ ಹಿಡಿದು ಹೋದಾಗ ಅಧಿಕಾರಿ ಕೂರಿಸಿ ಮಾತಾಡಿದರು. ಅಲ್ಲಿಯವರೆಗೆ ನಮಗೆ ಕುರ್ಚಿ ಸಿಕ್ಕಿರಲಿಲ್ಲ.

ಪಾರ್ಲಿಮೆಂಟ್ ಇರುವುದು ಇದಕ್ಕೇ. ಕಾನೂನು ಮಾಡುತ್ತದೆ, ಬಜೆಟ್ ಒಪ್ಪುತ್ತದೆ, ನಿಜ. ಆದರೆ ಸರ್ಕಾರದ ಕುತ್ತಿಗೆಪಟ್ಟಿ ಹಿಡಿದು ಲೆಕ್ಕ ಕೇಳುವುದು ಅದರ ದೊಡ್ಡ ಕೆಲಸ ಅಂತ ನಾನು ನಂಬುತ್ತೇನೆ. ನಮ್ಮ ಹಾಸನದವರೇ ಆದ ದೇವೇಗೌಡರು ಪ್ರಧಾನಿಯಾಗಿದ್ದಾಗ, 1997ರ ಏಪ್ರಿಲ್ 11ರಂದು ಲೋಕಸಭೆಯಲ್ಲಿ ವಿಶ್ವಾಸಮತ ಸಿಗಲಿಲ್ಲ. ಹುದ್ದೆ ಬಿಡಬೇಕಾಯಿತು. ಪ್ರಧಾನಿಯನ್ನೇ ಇಳಿಸುವ ಮನೆ ಅದು. ಅಲ್ಲಿಗೆ ಕಳಿಸಿದವರ ಹತ್ತಿರ ಚರಂಡಿ ಕೇಳಿದರೆ ನಷ್ಟ ನಮಗೇ ಅಲ್ವಾ?

ಎಂಪಿ ನಿಧಿ ವರ್ಷಕ್ಕೆ 5 ಕೋಟಿ ಇದೆ, ಬಸ್ ಶೆಲ್ಟರ್ ಆಗುತ್ತದೆ. ಅದನ್ನು ನೋಡಿ ವೋಟು ಹಾಕಬೇಡಿ. ಸದನದಲ್ಲಿ ಏನು ಕೇಳಿದರು ಅಂತ ನೋಡಿ, ಲೋಕಸಭೆಯ ವೆಬ್‌ಸೈಟಿನಲ್ಲೇ ಸಿಗುತ್ತದೆ. ನಿಮ್ಮ ರಸ್ತೆ ರಾಷ್ಟ್ರೀಯ ಹೆದ್ದಾರಿಯಾಗಿದ್ದರೆ ಮಾತ್ರ ಎಂಪಿ ಹತ್ತಿರ ಹೋಗಿ. ಅಧಿವೇಶನಕ್ಕೆ ಒಂದು ತಿಂಗಳು ಮೊದಲೇ ಹೋಗಿ, ಮನವಿಯಲ್ಲ, ಪ್ರಶ್ನೆಯನ್ನೇ ಬರೆದುಕೊಡಿ.