ಅಪ್ಪನ ಕಿವಿ ಮಷೀನು ಸಿಳ್ಳೆ ಹಾಕುತ್ತದೆ, ಮಾತೂ ಸ್ಪಷ್ಟವಿಲ್ಲ: ಹೆಚ್ಚು ಪವರಿನದು ಕೊಳ್ಳಬೇಕೆ?

ಕೊಳ್ಳಬೇಡಿ, ಈಗಲೇ ಬೇಡ. ಸಡಿಲ ಮೋಲ್ಡ್‌ಗೆ (ಕಿವಿಯೊಳಗೆ ಕೂರುವ, ಅಳತೆಗೆ ಮಾಡಿದ ಭಾಗ) ಇನ್ನಷ್ಟು ಪವರಿನ ಮಷೀನು ಸಿಕ್ಕಿಸಿದರೆ ಸಿಳ್ಳೆಯೂ ಇನ್ನಷ್ಟು ಜೋರಾಗುತ್ತದೆ, ಅಷ್ಟೇ. "ಕುಂಯ್ ಅನ್ನುತ್ತೆ, ಶಬ್ದ ಕೇಳಿಸುತ್ತೆ, ಆದರೆ ಏನು ಹೇಳಿದರು ಅಂತ ಗೊತ್ತಾಗಲ್ಲ" ಎಂದು ನೀವು ಬರೆದಿದ್ದೀರಿ. ನಮ್ಮ ಅಮ್ಮನ ದೂರೂ ಇದೇ ಆಗಿತ್ತು. ಇವು ಎರಡು ಬೇರೆ ಬೇರೆ ತೊಂದರೆಗಳಂತೆ ಕಾಣುತ್ತವೆ. ಬಹಳ ಸಲ ಎರಡರ ಬೇರೂ ಒಂದೇ.

ಅಮ್ಮನದು ಕಿವಿಯ ಹಿಂದೆ ಕೂರುವ ಮಷೀನು, ಗಟ್ಟಿ ಅಕ್ರಿಲಿಕ್ ಮೋಲ್ಡ್. ತೂಕ ಇಳಿದ ಮೇಲೆ ಮೋಲ್ಡ್‌ಗೂ ಕಿವಿಯ ಕೊಳವೆಯ ಚರ್ಮಕ್ಕೂ ನಡುವೆ ಸಂದು ಬಿಟ್ಟುಕೊಂಡಿತ್ತು. ಮಷೀನು ಒಳಗೆ ಬಿಟ್ಟ ಶಬ್ದ ಆ ಸಂದಿನಿಂದ ಹೊರಬಂದು ಮೈಕಿಗೆ ಸೇರುತ್ತದೆ, ಮೈಕು ಅದನ್ನೇ ಮತ್ತೆ ದೊಡ್ಡದು ಮಾಡಿ ಒಳಗೆ ಕಳಿಸುತ್ತದೆ. ಸಭೆಯಲ್ಲಿ ಮೈಕನ್ನು ಸ್ಪೀಕರಿನ ಮುಂದೆ ಹಿಡಿದಾಗ ಕಿರುಚುತ್ತದಲ್ಲ, ಅದೇ ಇದು. ಮಷೀನು ಹಾಕಿಕೊಟ್ಟವರು ಕಿವಿಯೊಳಗೆ ನೋಡಲಿಲ್ಲ. ಕಂಪ್ಯೂಟರಿಗೆ ಜೋಡಿಸಿ 2000 ಹರ್ಟ್ಜ್‌ನಿಂದ ಮೇಲಿನ, ಅಂದರೆ ಕೀಚಲು ಸದ್ದುಗಳ, ಗೇನ್ (ಮಷೀನು ಶಬ್ದವನ್ನು ದೊಡ್ಡದು ಮಾಡುವ ಪ್ರಮಾಣ) ಇಳಿಸಿದರು. ಸಿಳ್ಳೆ ನಿಂತಿತು, ನಾವೂ ಖುಷಿಯಿಂದ ಮನೆಗೆ ಬಂದೆವು.

ಹಣ, ಸಮಯ ಎರಡನ್ನೂ ತಿಂದ ತಪ್ಪು ಇದೇ. ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ. ಮಾತಿನಲ್ಲಿ ಜೋರು ಬರುವುದು ಹೆಚ್ಚಾಗಿ ಅ, ಉ, ಒ ಮುಂತಾದ ಸ್ವರಗಳಿಂದ. ಅವುಗಳ ಶಕ್ತಿಯ ಬಹುಪಾಲು 1000 ಹರ್ಟ್ಜ್‌ಗಿಂತ ಕೆಳಗಿರುತ್ತದೆ. ಒಂದು ಪದವನ್ನು ಇನ್ನೊಂದರಿಂದ ಬೇರೆ ಮಾಡುವುದು ವ್ಯಂಜನಗಳು: ಕ, ತ, ಪ, ಚ, ಶ, ಸ. ಇವುಗಳ ಗುರುತು ಬಹುಮಟ್ಟಿಗೆ 2000 ಹರ್ಟ್ಜ್‌ನಿಂದ ಮೇಲೆ ಸಿಗುತ್ತದೆ. ಸಕಾರದ್ದಂತೂ 4000ದ ಆಚೆಗೇ ಹೆಚ್ಚು. ವಯಸ್ಸಾದಾಗ ಮೊದಲು ಕುಂದುವುದೂ ಇದೇ ಮೇಲಿನ ಭಾಗ. ಹಾಗಾಗಿ ಮಷೀನು ಅಲ್ಲೇ ಅತಿ ಹೆಚ್ಚು ಗೇನ್ ಕೊಡಬೇಕು, ಸಿಳ್ಳೆ ಹುಟ್ಟುವುದೂ ಅಲ್ಲೇ. ಸಿಳ್ಳೆ ನಿಲ್ಲಿಸಲೆಂದು ಅಲ್ಲಿ ಕತ್ತರಿ ಹಾಕಿದರೆ ಶಬ್ದದ ಜೋರು ಹಾಗೇ ಉಳಿಯುತ್ತದೆ, ಪದ ಮಾತ್ರ ಹೋಗುತ್ತದೆ. ಕಾಲು, ಸಾಲು, ಪಾಲು ಮೂರೂ ಒಂದೇ ಥರ ಕೇಳುತ್ತವೆ. ಆಗ ಹಾಕಿಕೊಂಡವರು ವಾಲ್ಯೂಮ್ ಏರಿಸುತ್ತಾರೆ. ಸ್ವರಗಳ ಗಡಸು ಸದ್ದುಗಳು ಮತ್ತಷ್ಟು ದಪ್ಪಗಾಗಿ, ಉಳಿದಿದ್ದ ಸಣ್ಣ ವ್ಯಂಜನಗಳನ್ನೂ ಮುಚ್ಚಿಹಾಕುತ್ತವೆ. ಬಾಗಿಲು ಬಡಿದರೆ ಬೆಚ್ಚಿಬೀಳುತ್ತಾರೆ, ಎದುರು ಕೂತವರ ಮಾತು ತಿಳಿಯುವುದಿಲ್ಲ. ಇದನ್ನು ನೋಡಿದ ಮನೆಯವರು "ಪವರ್ ಸಾಲದು" ಎಂದು ತೀರ್ಮಾನಿಸುತ್ತಾರೆ. ನಾವೂ ಹಾಗೇ ತೀರ್ಮಾನಿಸಿ ಹೊಸ ಮಷೀನು ತಂದೆವು. ಅದಕ್ಕೂ ಅದೇ ಹಳೆಯ ಮೋಲ್ಡ್ ಸಿಕ್ಕಿಸಿಕೊಟ್ಟರು. ಮತ್ತೆ ಸಿಳ್ಳೆ, ಮತ್ತೆ ಗೇನ್ ಕಡಿತ.

ಕೊನೆಗೆ ಇನ್ನೊಬ್ಬ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಗುಗ್ಗೆ ತೆಗೆಸಿ, ಬಾಯಿ ತೆರೆದಿಟ್ಟು ಹೊಸ ಅಚ್ಚು ತೆಗೆದುಕೊಂಡರು. ದವಡೆ ಆಡಿದಾಗ ಕೊಳವೆಯ ಆಕಾರ ಬದಲಾಗುತ್ತದೆ. ಬಾಯಿ ಮುಚ್ಚಿಯೇ ತೆಗೆದ ಅಚ್ಚಾದರೆ ಕೆಲವರಿಗೆ ಅಗಿಯುವಾಗ, ನಗುವಾಗ ಮೋಲ್ಡ್ ಸಂದು ಬಿಡುತ್ತದೆ. ಮೆತ್ತನೆಯ ಸಿಲಿಕೋನ್ ಮೋಲ್ಡ್ ಬಂತು, ಒಳಗೆ ಹೋಗುವ ಭಾಗ ಸ್ವಲ್ಪ ಉದ್ದ, 1 ಮಿ.ಮೀ. ವೆಂಟ್ (ಗಾಳಿಯಾಡುವ ತೂತು). ಕತ್ತರಿಸಿದ್ದ ಗೇನನ್ನೆಲ್ಲ ಮರಳಿ ಏರಿಸಿದರು. ಮೊದಲಿನ ಮಷೀನೇ ಸಾಕಾಯಿತು.

ನಿಮ್ಮ ತಂದೆಯವರ ಮಷೀನನ್ನು ಮನೆಯಲ್ಲೇ ಹೀಗೆ ನೋಡಿ. ಮೊದಲು, ಅವರೇ ಹಾಕಿಕೊಂಡಾಗ ಪಕ್ಕದಿಂದ ಕಿವಿಯನ್ನು ಗಮನಿಸಿ. ಮೋಲ್ಡ್‌ನ ಮೇಲ್ತುದಿಯಲ್ಲಿ ಕೊಕ್ಕೆಯಂಥ ಸಣ್ಣ ಭಾಗವಿರುತ್ತದೆ. ಅದು ಕಿವಿಯ ಮೇಲಿನ ಮಡಿಕೆಯೊಳಗೆ ಸೇರಬೇಕು. ಬೆರಳಿನ ಸ್ಪರ್ಶ ಮಂದವಾದವರಲ್ಲಿ ಅದು ಹೊರಗೇ ಎದ್ದು ನಿಂತಿರುತ್ತದೆ, ಮೋಲ್ಡ್ ಕೂದಲೆಳೆಯಷ್ಟು ವಾರೆಯಾಗಿರುತ್ತದೆ. ಸಿಳ್ಳೆಗೆ ಅಷ್ಟೇ ಸಾಕು. ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಮೆಲ್ಲಗೆ ಎಳೆದು ಹಿಡಿದು, ಮೋಲ್ಡನ್ನು ತುಸು ತಿರುಗಿಸುತ್ತ ಒಳಗೆ ಕೂರಿಸಿ.

ಸರಿಯಾಗಿ ಕೂತರೂ ಸಿಳ್ಳೆ ನಿಲ್ಲದಿದ್ದರೆ ಮಷೀನು ಆನ್ ಇರುವಾಗಲೇ ಹೊರತೆಗೆದು, ಮೋಲ್ಡ್‌ನ ಶಬ್ದ ಬರುವ ತೂತನ್ನೂ ವೆಂಟ್ ಇದ್ದರೆ ಅದರ ತೂತನ್ನೂ ಬೆರಳಿನಿಂದ ಗಟ್ಟಿಯಾಗಿ ಮುಚ್ಚಿ. ಸಿಳ್ಳೆ ನಿಂತಿತೆಂದರೆ ಮಷೀನಿನಲ್ಲಿ ದೋಷವಿಲ್ಲ, ಸೋರಿಕೆ ಕಿವಿಯಲ್ಲಿದೆ: ಮೋಲ್ಡ್ ಸಡಿಲ, ಇಲ್ಲವೇ ಕೊಳವೆಯಲ್ಲಿ ಗುಗ್ಗೆ ತುಂಬಿ ಶಬ್ದ ವಾಪಸ್ ಬರುತ್ತಿದೆ. ನಿಲ್ಲದಿದ್ದರೆ ಮೋಲ್ಡ್‌ನ ಟ್ಯೂಬನ್ನು ಮಷೀನಿನ ಹುಕ್‌ನಿಂದ (ಕಿವಿಯ ಮೇಲೆ ಕೂರುವ ಬಾಗಿದ ತುದಿ) ಬಿಡಿಸಿ, ಹುಕ್‌ನ ತುದಿ ಮುಚ್ಚಿ. ಈಗ ನಿಂತರೆ ಬಹುಶಃ ಟ್ಯೂಬ್ ಸೀಳಿದೆ. ಟ್ಯೂಬ್ ಹಳದಿ ತಿರುಗಿ ಬಿರುಸಾಗುತ್ತದೆ, 3ರಿಂದ 6 ತಿಂಗಳಿಗೊಮ್ಮೆ ಬದಲಿಸಲೇಬೇಕು. ಆಗಲೂ ನಿಲ್ಲದಿದ್ದರೆ ಹುಕ್ ಬಿರುಕು ಬಿಟ್ಟಿದೆ ಅಥವಾ ಒಳಗಿನ ದೋಷ. ಅದಕ್ಕೆ ರಿಪೇರಿಯೇ ದಾರಿ.

ಮೇಲಿನ ಗೇನ್ ಕತ್ತರಿಸಿದ್ದಾರೆಯೇ ಎಂದು ತಿಳಿಯಲೂ ಒಂದು ಪರೀಕ್ಷೆ ಇದೆ. ಅವರ ಹಿಂದೆ ಒಂದು ಮೀಟರ್ ದೂರ ನಿಂತು, ಸಾಮಾನ್ಯ ದನಿಯಲ್ಲಿ ಒಂದೊಂದಾಗಿ ಹೇಳಿ: ಮ್, ಊ, ಆ, ಈ, ಶ್, ಸ್. ನಡುನಡುವೆ ಬಿಡುವು ಕೊಡಿ, ಪ್ರತಿ ಸಲ ಕ್ರಮ ಬದಲಿಸಿ. ಇವು ಲಿಂಗ್ ಪರೀಕ್ಷೆಯ ಆರು ಧ್ವನಿಗಳು. ಮಾತಿನ ಕೆಳತುದಿಯಿಂದ ಮೇಲ್ತುದಿಯವರೆಗೆ ಹರಡಿಕೊಂಡಿವೆ. ಮೊದಲ ಮೂರು ಸಲೀಸಾಗಿ ಹೇಳಿ, ಶ್ ಮತ್ತು ಸ್‌ಗೆ ಸುಮ್ಮನಿದ್ದರೆ ಮೇಲಿನ ಭಾಗ ಕಿವಿಗೆ ತಲುಪುತ್ತಿಲ್ಲ. ನರದ ನಷ್ಟ ತೀರ ಹೆಚ್ಚಿದ್ದರೂ ಹೀಗಾಗಬಹುದು, ಆದ್ದರಿಂದ ಆಡಿಯೋಗ್ರಾಂ (ಶ್ರವಣ ಪರೀಕ್ಷೆಯ ನಕ್ಷೆ) ಹಳೆಯದಾಗಿದ್ದರೆ ಹೊಸದು ಮಾಡಿಸಿ.

ಆಡಿಯಾಲಜಿಸ್ಟ್ ಬಳಿ ಹೋದಾಗ ಪರದೆಯ ಮೇಲೆ ಎರಡು ಗೆರೆ ತೋರಿಸಲು ಕೇಳಿ. ಈ ಶ್ರವಣದೋಷಕ್ಕೆ ಇಷ್ಟು ಗೇನ್ ಬೇಕು ಎನ್ನುವುದು ಒಂದು. ಫೀಡ್‌ಬ್ಯಾಕ್ (ಸಿಳ್ಳೆ) ಟೆಸ್ಟ್ ಮಾಡಿದ ಮೇಲೆ ಸಿಳ್ಳೆ ಬರದಂತೆ ಸಾಫ್ಟ್‌ವೇರ್ ಹಾಕುವ ಮಿತಿ ಇನ್ನೊಂದು. ಮಿತಿಯ ಗೆರೆ ಬೇಕಾದ ಗೆರೆಗಿಂತ ಕೆಳಗಿದ್ದರೆ ಆ ಮೋಲ್ಡ್‌ನೊಂದಿಗೆ ಎಷ್ಟೇ ದುಬಾರಿ ಮಷೀನು ಹಾಕಿದರೂ ಕೊರತೆ ಉಳಿಯುತ್ತದೆ. ಕೊಳವೆಯೊಳಗೇ ರಿಸೀವರ್ (ಪುಟ್ಟ ಸ್ಪೀಕರ್) ಕೂರುವ ಮಾದರಿಯಾದರೆ ತೂತುಗಳಿರುವ ಓಪನ್ ಡೋಮ್ (ಅದರ ತುದಿಯ ಮೆತ್ತನೆಯ ಟೋಪಿ) ತೆಗೆದು, ಕೊಳವೆ ಮುಚ್ಚುವ ಪವರ್ ಡೋಮ್ ಹಾಕಿ ನೋಡಬಹುದು. ನಷ್ಟ ಹೆಚ್ಚಿದ್ದರೆ ಅಲ್ಲಿಗೂ ಅಳತೆಯ ಮೋಲ್ಡೇ ಸರಿ. ಆಮೇಲೆ ರಿಯಲ್ ಇಯರ್ ಮೆಷರ್‌ಮೆಂಟ್ ಮಾಡಿಸಿ. ಸಣ್ಣ ಟ್ಯೂಬನ್ನು ಕಿವಿಯ ತಮಟೆಯಿಂದ ಸುಮಾರು 5 ಮಿ.ಮೀ. ದೂರಕ್ಕೆ ತಂದು, 65 ಡೆಸಿಬೆಲ್ ಮಾತು ಕೇಳಿಸಿ, ಕಿವಿಯೊಳಗೆ ನಿಜಕ್ಕೂ ಎಷ್ಟು ತಲುಪುತ್ತಿದೆ ಎಂದು ಅಳೆಯುತ್ತಾರೆ. ಕಂಪನಿಯ ಸಾಫ್ಟ್‌ವೇರ್ ಮೊದಲು ಹಾಕಿಕೊಡುವ ಸೆಟ್ಟಿಂಗ್ ಮೇಲಿನ ಭಾಗದಲ್ಲಿ ಸಾಮಾನ್ಯವಾಗಿ ಕಡಿಮೆಯೇ ಕೊಡುತ್ತದೆ. ನನ್ನ ಮಟ್ಟಿಗೆ ಈ ಅಳತೆಯಿಲ್ಲದೆ ಫಿಟ್ಟಿಂಗ್ ಮುಗಿದಂತಲ್ಲ.

ಬಿಗಿ ಮೋಲ್ಡ್ ಬಂದ ಮೇಲೆ "ನನ್ನ ದನಿಯೇ ಗುಂಯ್ ಅನ್ನುತ್ತೆ" ಎಂದು ಅವರು ಹೇಳಬಹುದು. ವೆಂಟ್ ಹಿಗ್ಗಿಸಿದರೆ ಅದು ಕಡಿಮೆಯಾಗುತ್ತದೆ, ಸಿಳ್ಳೆಯ ಅಪಾಯ ಏರುತ್ತದೆ. ಅರ್ಧ ಮಿ.ಮೀ. ಲೆಕ್ಕದಲ್ಲಿ ಹೊಂದಿಸಬೇಕಾದ ವಿಷಯ ಇದು. ಮೇಲಿನ ಗೇನ್ ಏರಿಸಿದಾಗ ಕಾಗದದ ಪರಪರ, ನಲ್ಲಿ ನೀರಿನ ಸದ್ದು ಮೊದಮೊದಲು ಚುಚ್ಚುತ್ತವೆ. ಕೆಲವು ವಾರ ದಿನವಿಡೀ ಹಾಕಿಕೊಳ್ಳಲಿ, ಬೇಕಿದ್ದರೆ ಹಂತಹಂತವಾಗಿ ಏರಿಸಲಿ. ಕಿರಿಕಿರಿ ಎಂದು ಮತ್ತೆ ಇಳಿಸಿಸಬೇಡಿ.

ಸೆಲ್ ವಿಷಯ ಚಿಕ್ಕದು. ಸ್ಟಿಕರ್ ಬಣ್ಣ ನೋಡಿ ತನ್ನಿ: ಸೈಜ್ 13 ಕಿತ್ತಳೆ, 312 ಕಂದು, 675 ನೀಲಿ. ಸ್ಟಿಕರ್ ಕಿತ್ತ ಮೇಲೆ ಗಾಳಿ ಸೇರಲು ಒಂದೆರಡು ನಿಮಿಷ ಬಿಟ್ಟು ಹಾಕಿ. ಸ್ಟಿಕರ್ ಮತ್ತೆ ಅಂಟಿಸಿದರೂ ಸೆಲ್ಲಿನ ಶಕ್ತಿ ಉಳಿಯುವುದಿಲ್ಲ. ಮೋಲ್ಡನ್ನು ಮಷೀನಿನಿಂದ ಬಿಡಿಸಿಯೇ ಉಗುರುಬೆಚ್ಚನೆಯ ಸಾಬೂನು ನೀರಲ್ಲಿ ತೊಳೆದು, ಟ್ಯೂಬಿನ ನೀರು ಊದಿ ತೆಗೆದು, ರಾತ್ರಿಯಿಡೀ ಒಣಗಿಸಿ.

ಒಂದು ವಿಷಯ ಮಾತ್ರ ಇದಕ್ಕೆಲ್ಲ ಹೊರತು. ಮಾತು ತಿಳಿಯದಿರುವುದು ಒಂದೆರಡು ದಿನದಲ್ಲಿ ಏಕಾಏಕಿ ಶುರುವಾಗಿದ್ದರೆ, ಕಿವಿ ಸೋರುತ್ತಿದ್ದರೆ, ತಲೆ ಸುತ್ತುತ್ತಿದ್ದರೆ ಮೋಲ್ಡ್ ಗೀಲ್ಡ್ ಬದಿಗಿಟ್ಟು ಅವತ್ತೇ ಇಎನ್‌ಟಿ ಡಾಕ್ಟರ ಬಳಿ ಕರೆದುಕೊಂಡು ಹೋಗಿ. ದಿಢೀರ್ ಕಿವುಡಿಗೆ ಚಿಕಿತ್ಸೆ ಎಷ್ಟು ಬೇಗ ಶುರುವಾಗುತ್ತದೋ ಅಷ್ಟು ಹೆಚ್ಚು ಶ್ರವಣ ಉಳಿಯುವ ಸಾಧ್ಯತೆ ಇರುತ್ತದೆ.